ಗೋಳಿ ಬೋನ್ಸಾಯ್‌ಗೆ ಯಾವ ಮಣ್ಣು? ಮಳೆ ಬಂದರೆ ಬೇರು ಕೊಳೆಯುತ್ತದೆ

ಪೆರ್ಲದವ:
ಬಾವಿಕಟ್ಟೆಯ ಸಂದಿನಲ್ಲಿ ಹುಟ್ಟಿದ್ದ ಗೋಳಿ (ಆಲ) ಸಸಿ. ಮೂರು ವರ್ಷದಿಂದ ಚಟ್ಟಿಯಲ್ಲಿದೆ. ಅರ್ಧ ತೋಟದ ಕೆಂಪು ಮಣ್ಣು, ಅರ್ಧ ಹಟ್ಟಿಗೊಬ್ಬರ, ಅಡಿಗೆ ಜಲ್ಲಿ ಹಾಕಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಮಳೆ ಹಿಡಿದು ಹದಿನೈದು ದಿನ ಆಗುವಾಗ ಎಲೆ ಹಳದಿಯಾಗಿ ಉದುರಿತು, ನಿನ್ನೆ ಎತ್ತಿ ನೋಡಿದರೆ ಮಣ್ಣು ದೋಸೆ ಹಿಟ್ಟಿನ ಹಾಗಿದೆ, ಬೇರಿನ ತುದಿ ಕಪ್ಪು, ನಾತ ಬೇರೆ. ಜಪಾನಿನ ಅಕಡಾಮಾ ಮಣ್ಣು ತರಿಸಬೇಕಂತೆ ಹೌದಾ? ರೇಟು ನೋಡಿ ತಲೆ ತಿರುಗಿತು.

ಕುಂಬಳೆ ಕೈತೋಟ:
ಅಕಡಾಮಾ ಎಲ್ಲ ಬೇಡ ಮಾರಾಯ್ರೆ. ಅದು ಅಲ್ಲಿಯ ಜ್ವಾಲಾಮುಖಿ ಬೂದಿಯಿಂದ ಆದ ಮಣ್ಣು, ಅವರಿಗೆ ಊರಲ್ಲೇ ಸಿಗುತ್ತದೆ. ನಮ್ಮಲ್ಲಿ ಮನೆ ಮಾಡಿನ ಹಂಚಿದೆಯಲ್ಲ! ಒಡೆದ ಹಂಚನ್ನು ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಜಜ್ಜಿ, ಜರಡಿ ಹಿಡಿಯಿರಿ. ಹೆಸರುಕಾಳಿನಿಂದ ಕಡಲೆಕಾಳಿನಷ್ಟು ದಪ್ಪದ್ದು, ಅಂದರೆ ಸುಮಾರು 3ರಿಂದ 6 ಮಿ.ಮೀ., ಅಷ್ಟು ಮಾತ್ರ ಸಾಕು. ಪುಡಿಯನ್ನು ಬಿಸಾಡಿ, ಉಳಿದದ್ದನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ. ನಿಮ್ಮ ಗಿಡವನ್ನು ಕೆಡಿಸಿದ್ದು ಇಂಥದ್ದೇ ಪುಡಿ ಮಣ್ಣು, ಅದು ಸಂದುಗಳನ್ನೆಲ್ಲ ಮುಚ್ಚಿದರೆ ಬೇರಿಗೆ ಗಾಳಿ ಎಲ್ಲಿಂದ? ನಾನು ಹಾಕುವುದು ನಾಲ್ಕು ಪಾಲು ಹಂಚು, ಒಂದು ಪಾಲು ಜರಡಿ ಹಿಡಿದ ಹಳೇ ಗೊಬ್ಬರ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚೂರೂ ಆಗುತ್ತದೆ, ಆದರೆ ಒಂದು ರಾತ್ರಿ ನೀರಲ್ಲಿ ಹಾಕಿ ಬೆಳಿಗ್ಗೆ ಹಿಚುಕಿ ನೋಡಿ. ಬೆರಳಿಗೆ ಕೆಸರು ಹತ್ತಿದರೆ ಬೇಡ.

ಬೀಳಲು:
ಅಡಿಗೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅನ್ನುವುದು ಸುಮ್ನೆ. ಪಾತ್ರೆ ತೊಳೆಯುವ ಸ್ಪಂಜನ್ನು ಒದ್ದೆ ಮಾಡಿ ಅಡ್ಡ ಹಿಡಿಯಿರಿ, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ ಅಲ್ವಾ? ಬೋನ್ಸಾಯ್ ಚಟ್ಟಿ ಅಡ್ಡ ಹಿಡಿದ ಸ್ಪಂಜಿನ ಹಾಗೆ, ತಟ್ಟೆಯಷ್ಟೇ ಆಳ, ಅಡಿಯಲ್ಲಿ ನೀರು ನಿಂತೇ ನಿಲ್ಲುತ್ತದೆ. ಜಲ್ಲಿ ಹಾಕಿದರೆ ಆ ನೀರು ಇನ್ನೂ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಮಿಶ್ರಣ ಇರಲಿ. ಜಡಿಮಳೆಯ ದಿನ ಚಟ್ಟಿಯ ಒಂದು ಬದಿಗೆ ಕಲ್ಲು ಕೊಟ್ಟು ಓರೆ ಮಾಡಿ, ನಿಂತ ನೀರು ಇಳಿದುಹೋಗುತ್ತದೆ.

ಟೆರೇಸ್ ತೋಟ, ಮಂಜೇಶ್ವರ:
ಬರೀ ಹಂಚು ಅಂತ ಹೊರಟರೆ ಏಪ್ರಿಲ್‌ನಲ್ಲಿ ಅಳುತ್ತೀರಿ. ನನ್ನದು ಟೆರೇಸು, ದಿನಕ್ಕೆ ಎರಡು ಸಲ ನೀರು ಹಾಕಿದರೂ ಸಂಜೆಗೆ ಒಣಗಿರುತ್ತಿತ್ತು. ಈಗ ಒಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸುತ್ತೇನೆ, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ, ಹತ್ತಿರ ಇದೆ ಅಂತ ಕಡಲಿನ ಹೊಯಿಗೆ ತಂದು ಹಾಕಬೇಡಿ, ಉಪ್ಪು. ಒಂದು ಗಿಡ ಕಳೆದುಕೊಂಡು ಕಲಿತದ್ದು.

ಪೆರ್ಲದವ:
ಹಂಚಿಗೆ ಬರವಿಲ್ಲ, ಕೊಟ್ಟಿಗೆಯ ಹಿಂದೆ ರಾಶಿ ಇದೆ. ಅಮ್ಮ ಬಿಟ್ಟರೆ ಆಯಿತು, ‘ಮುಂದಕ್ಕೆ ಬೇಕಾಗುತ್ತದೆ’ ಅಂತ ಇಪ್ಪತ್ತು ವರ್ಷದಿಂದ ಇಟ್ಟಿದ್ದಾರೆ. ಆದರೆ ಈ ಮಳೆಯಲ್ಲೇ ಚಟ್ಟಿ ಬದಲಿಸಬಹುದಾ?

ಕುಂಬಳೆ ಕೈತೋಟ:
ಕೊಳೆತಿದೆ ಅಂದ ಮೇಲೆ ಕಾಯಬೇಡಿ. ಕಪ್ಪಾದ ಬೇರನ್ನು ಬಿಳಿ ಕಾಣುವವರೆಗೆ ಕತ್ತರಿಸಿ, ಈಗ ಗೊಬ್ಬರ ಬಿಟ್ಟು ಬರೀ ಹಂಚಿನಲ್ಲಿ ನೆಡಿ. ಮಳೆ ಬೀಳದ ಹಾಗೆ, ಬೆಳಕು ಬರುವ ಕಡೆ ಜಗಲಿಯಲ್ಲಿಡಿ. ಹೊಸ ಚಿಗುರು ಬಂದ ಮೇಲೆ ಗೊಬ್ಬರದ ಮಾತು. ಗೋಳಿ ಗೋಡೆ ಒಡೆದು ಬೆಳೆಯುವ ಜಾತಿ, ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಅಮ್ಮನಿಗೆ ಹೇಳಿಯೇ ಹಂಚು ತೆಗೆಯಿರಿ ಮತ್ತೆ!