ಪದಚರ್ಚೆ: ಕಡತಗಳಿಗೆ ಮರುಹೆಸರಿಡುವಾಗ ‘?’ ಎಂದರೆ ಒಂದು ‘ಅಕ್ಷರ’ವೇ?

ಆಜ್ಞೆಗಳನ್ನು ಟೈಪ್ ಮಾಡಿ ಕಂಪ್ಯೂಟರನ್ನು ನಡೆಸುವ ಕಮಾಂಡ್ ಲೈನ್‌ನಲ್ಲಿ ಹಲವು ಕಡತಗಳ ಹೆಸರನ್ನು ಒಟ್ಟಿಗೆ ಬದಲಿಸಲು ನೆರವಾಗುವ *, ? ಎಂಬ ವೈಲ್ಡ್‌ಕಾರ್ಡ್‌ಗಳನ್ನು ಕನ್ನಡದಲ್ಲಿ ವಿವರಿಸುವಾಗ, ‘* ಎಂದರೆ ಎಷ್ಟಾದರೂ ಅಕ್ಷರಗಳು, ? ಎಂದರೆ ಯಾವುದಾದರೂ ಒಂದು ಅಕ್ಷರ’ ಎಂದು ಬರೆಯುವುದು ಸಹಜವೆನ್ನಿಸುತ್ತದೆ. ಇಸ್ಪೀಟಿನಿಂದ ಬಂದ ವೈಲ್ಡ್‌ಕಾರ್ಡ್ ಎಂಬ ಹೆಸರಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ಸಂದೇಹವಿರುವುದು ‘ಅಕ್ಷರ’ದ ಬಗ್ಗೆ.

ಪದ1, ಕವಿ1, ಕಥೆ1, ಶ್ರೀ1 ಎಂಬ ನಾಲ್ಕು ಕಡತಗಳಿವೆ ಎಂದುಕೊಳ್ಳೋಣ. ಟೈಪ್ ಮಾಡಿದ ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶವಾದ ಬ್ಯಾಶ್ ಶೆಲ್‌ನಲ್ಲಿ ??1 ಎಂದು ಕೊಟ್ಟರೆ, ಮೇಲಿನ ವಿವರಣೆಯನ್ನು ನಂಬಿದವರು ಮೊದಲ ಮೂರೂ ಸಿಗುತ್ತವೆಂದು ಭಾವಿಸುತ್ತಾರೆ, ಆದರೆ ಸಿಗುವುದು ಪದ1 ಮಾತ್ರ. ಲಿಪಿಗಳನ್ನು ಕಂಪ್ಯೂಟರಿಗಾಗಿ ಸಂಕೇತಗಳಾಗಿಸುವ ಯೂನಿಕೋಡ್‌ನಲ್ಲಿ ‘ವಿ’ ಎಂಬುದು ವ ಮತ್ತು ಗುಣಿತಚಿಹ್ನೆ ಸೇರಿದ ಎರಡು ಸಂಕೇತಗಳಾದ್ದರಿಂದ ಕವಿ1ಕ್ಕೆ ???1 ಬೇಕು; ಶ, ಸ್ವರವಿಲ್ಲವೆಂದು ತೋರಿಸುವ ವಿರಾಮ (್), ರ, ದೀರ್ಘದ ಗುಣಿತ ಎಂದು ಒಡೆಯುವ ‘ಶ್ರೀ’ಗಂತೂ ನಾಲ್ಕು ಪ್ರಶ್ನಾರ್ಥಕಗಳು ಬೇಕು. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರಗಳೆಂದು ಎಣಿಸುವ ನಮ್ಮ ಛಂದಸ್ಸಿಗೆ ಇದೇ ‘ಶ್ರೀ’ ಒಂದೇ ಅಕ್ಷರ.

ಹೆಸರು ಬದಲಿಸುವಾಗ ತೊಡಕು ಇನ್ನೂ ಹೆಚ್ಚುತ್ತದೆ. ಯೂನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ವೈಲ್ಡ್‌ಕಾರ್ಡನ್ನು ಶೆಲ್ ಮೊದಲೇ ಬಿಡಿಸಿ ಹೆಸರು ಬದಲಿಸುವ ಎಂವಿ (mv) ಆಜ್ಞೆಗೆ ಕೊಡುವುದರಿಂದ, ಬಲಗಡೆ ಹೊಸ ಹೆಸರಿನಲ್ಲಿ ಬರೆದ * ಚಿಹ್ನೆಗೆ ‘ಹಳೆಯ ಹೆಸರಿನ ಉಳಿದ ಭಾಗ’ ಎಂಬ ಅರ್ಥವೇ ಇಲ್ಲ. ವಿಂಡೋಸ್‌ನ ರೆನ್ (ren) ಆಜ್ಞೆಯಲ್ಲಿ ಆ ಅರ್ಥವಿದೆ, ಆದರೆ ಅದು ಸ್ಥಾನವನ್ನು ಎಣಿಸಿಕೊಂಡು ಬರುವ ಅರ್ಥ. ‘ರೆನ್ ಕವಿ* ಪದ*’ ಎಂದು ಕೊಟ್ಟರೆ ಕವಿ1 ಎಂಬ ಕಡತ ಪದ1 ಆಗುವುದಿಲ್ಲ, ‘ಪದಿ1’ ಆಗುತ್ತದೆ: ಮೊದಲ ಎರಡು ಸ್ಥಾನಗಳಿಗೆ ಪ ಮತ್ತು ದ ಬಂದು ಕುಳಿತು, ಮೂರನೆಯ ಸ್ಥಾನದಲ್ಲಿದ್ದ ಗುಣಿತಚಿಹ್ನೆ ಹಾಗೆಯೇ ಉಳಿದು ‘ದ’ಕ್ಕೆ ಅಂಟಿಕೊಳ್ಳುತ್ತದೆ. ಅಕ್ಷರವೆಂಬ ವಿವರಣೆಯಿಂದ ಈ ‘ಪದಿ’ ಎಲ್ಲಿಂದ ಬಂತೆಂದು ಹೇಳುವುದು ಸಾಧ್ಯವೇ ಇಲ್ಲ.

ವ್ಯಾಕರಣದ ‘ವರ್ಣ’ವೂ ಇಲ್ಲಿ ಒದಗುವುದಿಲ್ಲ. ‘ಪದ’ದಲ್ಲಿ ಪ್, ಅ, ದ್, ಅ ಎಂದು ನಾಲ್ಕು ವರ್ಣಗಳಿದ್ದರೂ ಯಂತ್ರದ ಲೆಕ್ಕಕ್ಕೆ ಎರಡೇ, ‘ಶ್ರೀ’ಯಲ್ಲಿ ಮೂರು ವರ್ಣಗಳಿದ್ದರೆ ಯಂತ್ರಕ್ಕೆ ನಾಲ್ಕು. ‘ಚಿಹ್ನೆ’ ಎಂದರೆ * ಮತ್ತು ? ಗಳನ್ನೂ ಅದೇ ಪದದಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ಹಾಗಾಗಿ ‘? ಎಂದರೆ ಯಾವುದಾದರೂ ಒಂದು ಲಿಪಿಸಂಕೇತ’ ಎಂದು ಬರೆಯುವುದು ನನಗೆ ಸರಿಯೆನಿಸುತ್ತದೆ, ಅದು ತುಸು ತೂಕದ ಪದವಾದರೂ ಸರಿಯೇ. ಇಂಗ್ಲಿಷಿನ ಕ್ಯಾರೆಕ್ಟರ್ ಎಂಬ ಪದವನ್ನೇ ಉಳಿಸಿಕೊಳ್ಳಬಹುದೆಂದು ಕೆಲವರಿಗೆ ಅನ್ನಿಸಬಹುದು, ಆದರೆ ಅದನ್ನು ಓದುವವರು ಮನಸ್ಸಿನಲ್ಲಿ ಮತ್ತೆ ಅಕ್ಷರವೆಂದೇ ಅರ್ಥ ಮಾಡಿಕೊಳ್ಳುತ್ತಾರೆ.

ಲಿಪಿಸಂಕೇತಕ್ಕಿಂತ ಹಗುರವಾದ, ಈಗಾಗಲೇ ಬಳಕೆಯಲ್ಲಿರುವ ಪದವೇನಾದರೂ ಇದ್ದರೆ, ಒಂದು ಬಳಕೆಯ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.