ಸಹಾಯ ಬೇಕು: ದಾಳದ ಆಟದ ಕಥೆಯನ್ನು ಆನಿಮೇಷನ್ ಚಿತ್ರಕಥೆಯಾಗಿಸುವಾಗ ಎದುರಾದ ತೊಡಕು

ಎಲ್ಲರಿಗೂ ನಮಸ್ಕಾರ. ನಾವು ಐವರು ಗೆಳೆಯರು ಎರಡು ವರ್ಷ ಭಾನುವಾರಗಳಂದು ಕುಳಿತು ಆಡಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತ, ಪಾತ್ರದ ಯತ್ನ ಫಲಿಸಿತೇ ಎಂಬುದನ್ನು ದಾಳ ಹಾಕಿ ನಿರ್ಧರಿಸುವ ಆಟ) ಆಟದ ಕಥೆಯನ್ನು ಆನಿಮೇಷನ್ ಸರಣಿಗೆಂದು ಬರೆಯಲು ಹೊರಟು, ಮೂರನೆಯ ಕಂತಿನಲ್ಲಿಯೇ ಸಿಕ್ಕಿಹಾಕಿಕೊಂಡಿದ್ದೇನೆ.

ಮಾದರಿಗೆಂದು ‘ದ ಲೆಜೆಂಡ್ ಆಫ್ ವಾಕ್ಸ್ ಮಷಿನಾ’ ಎಂಬ ಆನಿಮೇಷನ್ ಸರಣಿ ನೋಡಿದೆ. ಕ್ರಿಟಿಕಲ್ ರೋಲ್ ತಂಡವು 2015ರಿಂದ 2017ರವರೆಗೆ 115 ಕಂತುಗಳಲ್ಲಿ ಆಡಿ ತೋರಿಸಿದ ಆಟದಿಂದ ಹುಟ್ಟಿದ ಈ ಸರಣಿಗೆ 2019ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 7.5 ಲಕ್ಷ ಡಾಲರ್ ಕೇಳಿದರೆ 1.1 ಕೋಟಿಗೂ ಹೆಚ್ಚು ಬಂದಿತ್ತು. 2022ರಲ್ಲಿ ಬಂದ ಮೊದಲ ಸೀಸನ್ನಿನಲ್ಲಿ ಇರುವುದು 12 ಕಂತುಗಳು ಮಾತ್ರ. ಕತ್ತರಿಸುವುದನ್ನು ಅದರಿಂದ ಕಲಿತೆ. ನಮ್ಮ ಆಟದಲ್ಲಿ ಪಾತ್ರಗಳು ನಡೆಸಿದ ಅಂಗಡಿ ಚೌಕಾಸಿಗಳನ್ನೆಲ್ಲ (ಸಂಕಟದಿಂದಲೇ) ಕೈಬಿಟ್ಟೆ.

ತೊಡಕಿರುವುದು ದಾಳದಲ್ಲಿ. ಸೇತುವೆಯ ಮೇಲೆ ನಮ್ಮ ನುರಿತ ಬಿಲ್ಲುಗಾರ್ತಿ ಹತ್ತು ಹೆಜ್ಜೆ ದೂರದ ಕಾವಲುಗಾರನಿಗೆ ಗುರಿಯಿಟ್ಟಾಗ 20 ಮುಖದ ದಾಳದಲ್ಲಿ ಎಲ್ಲಕ್ಕಿಂತ ಕೆಟ್ಟದಾದ 1 ಬಿದ್ದು, ಬಾಣ ನಮ್ಮವನದೇ ತೊಡೆಗೆ ನಾಟಿತು. ಅಂದು ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೆವು. ಆದರೆ ಕಾಗದದ ಮೇಲೆ ಅದು ಬರೆದವನ ಅನುಕೂಲಕ್ಕೆ ನಡೆದ ಆಕಸ್ಮಿಕದಂತೆ ಕಾಣುತ್ತದೆ. ಮಳೆಗೆ ನೆನೆದ ಹೆದೆಯೆಂದು ಬರೆದು ನೋಡಿದೆ, ನೆಪವೆನಿಸಿತು. ಅವಳ ಕೈ ನಡುಗಿತೆಂದು ಬರೆದರೆ ನಗೆಯೇ ಉಳಿಯಲಿಲ್ಲ. ದೃಶ್ಯವನ್ನೇ ತೆಗೆಯೋಣವೆಂದರೆ ಮುಂದೆ ಅವರಿಬ್ಬರ ನಡುವೆ ಬೆಳೆಯುವ ಹಗೆಗೆ ಆ ಗಾಯವೇ ಮೂಲ.

ಚಿತ್ರಕಥೆ ಬರೆದು ಅನುಭವವಿರುವವರು ದಯವಿಟ್ಟು ತಿಳಿಸಿ: ದಾಳದಿಂದ ನಡೆದ ಇಂಥ ಘಟನೆಗೆ ಪಾತ್ರದ ಸ್ವಭಾವದಲ್ಲಿಯೇ ಕಾರಣ ಹುಡುಕಬೇಕೇ, ಅಥವಾ ಹಿಂದಿನ ಕಂತಿನಲ್ಲಿಯೇ ಅದರ ಸುಳಿವು ಬಿತ್ತಿ, ಇಲ್ಲಿ ಆಕಸ್ಮಿಕವಾಗಿಯೇ ಉಳಿಸಬಹುದೇ?