ಜ್ವರ ಬಂದ ದಿನದ ಕೂಲಿ: ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನ ಚರ್ಚೆ

ಕಾವೇರಿ (ಕ್ಯಾಲಿಫೋರ್ನಿಯಾ): ಎಲ್ಲರಿಗೂ ನಮಸ್ಕಾರ. ಕೊರೋನಾ ಕಾಲದಲ್ಲಿ ಇಲ್ಲಿನ ವಲಸೆ ಕಾರ್ಮಿಕರಿಗಾಗಿ ಸಿದ್ಧಪಡಿಸಿದ್ದ ಹಕ್ಕುಗಳ ಕೈಪಿಡಿಯೊಂದನ್ನು ಮೇಲೆ ಹಾಕಿದ್ದೇನೆ. 2020ರ ಏಪ್ರಿಲ್‌ನಿಂದ ಡಿಸೆಂಬರ್ ಕೊನೆಯವರೆಗೆ ಜಾರಿಯಲ್ಲಿದ್ದ ಅಮೆರಿಕದ ಕೇಂದ್ರ ಕಾಯ್ದೆಯೊಂದರ ಪ್ರಕಾರ, 500ಕ್ಕಿಂತ ಕಡಿಮೆ ನೌಕರರಿದ್ದ ಖಾಸಗಿ ಸಂಸ್ಥೆಗಳು ಸೋಂಕು ತಗುಲಿದವರಿಗೂ ಕ್ವಾರಂಟೈನ್‌ನಲ್ಲಿದ್ದವರಿಗೂ ಎರಡು ವಾರಗಳವರೆಗೆ ಸಂಬಳ ಸಹಿತ ರಜೆ ಕೊಡಬೇಕಿತ್ತು. ಸುರಕ್ಷತೆಯ ಬಗ್ಗೆ ದನಿಯೆತ್ತಿದ್ದಕ್ಕಾಗಿ ಕೆಲಸದಿಂದ ತೆಗೆದುಹಾಕಿದರೆ 30 ದಿನಗಳೊಳಗೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಕನಿಷ್ಠ ವೇತನದ ಕಾನೂನು ದಾಖಲೆಯಿಲ್ಲದವರಿಗೂ ಅನ್ವಯಿಸುತ್ತದೆ. ಆದರೆ ಸರ್ಕಾರ ಹಂಚಿದ 1,200 ಡಾಲರ್ ಪರಿಹಾರಧನ ಮಾತ್ರ ಸೋಷಿಯಲ್ ಸೆಕ್ಯುರಿಟಿ ಎಂಬ ಇಲ್ಲಿನ ಗುರುತಿನ ಸಂಖ್ಯೆ ಇಲ್ಲದವರ ಕೈಸೇರಲಿಲ್ಲ. ನಮ್ಮ ಕೊಡಗಿನ ತೋಟಗಳಲ್ಲಿ ಇಂಥ ರಕ್ಷಣೆ ಏನಿದೆ ಎಂದು ತಿಳಿದವರು ಹೇಳಬೇಕು.

ಬೋಪಣ್ಣ (ಸಿದ್ದಾಪುರ): ಕಾವೇರಿ ಅಕ್ಕ, ಅಮೆರಿಕದ ಕಾನೂನು ಅಮೆರಿಕದಲ್ಲಿರಲಿ. ರೊಬಸ್ಟಾ ಕಾಫಿ ಹಣ್ಣಾಗುತ್ತಿರುವ ಈ ಹೊತ್ತಿನಲ್ಲಿ ಕೊಯ್ಲಿಗೆ ಆಳು ಹೊಂದಿಸುವುದೇ ನಮಗೆ ಕಷ್ಟವಾಗಿದೆ. ಏಜೆಂಟನ ಕೈಗೆ ಮುಂಗಡ ಕೊಟ್ಟು ಕರೆಸಿಕೊಂಡವರು, ಪಕ್ಕದ ತೋಟದಲ್ಲಿ ಕಿಲೋಗೆ ಒಂದು ರೂಪಾಯಿ ಹೆಚ್ಚು ಸಿಗುತ್ತದೆಂದರೆ ರಾತ್ರೋರಾತ್ರಿ ಹೊರಟುಹೋಗುತ್ತಾರೆ. ಅಸ್ಸಾಮಿನವರೆಂದು ಹೇಳಿಕೊಂಡು ಬಂದವರು ನಿಜವಾಗಿ ಯಾವ ದೇಶದವರು ಎಂಬುದು ಮೊದಲು ಗೊತ್ತಾಗಲಿ, ಹಕ್ಕಿನ ಮಾತು ಆಮೇಲೆ. ಲಾಕ್‌ಡೌನ್‌ನಲ್ಲಿ ನಾವು ಅಕ್ಕಿ ಬೇಳೆ ಕೊಟ್ಟು ನೋಡಿಕೊಂಡಿದ್ದೇವೆ, ಅದನ್ನು ಯಾರೂ ನೆನೆಯುವುದಿಲ್ಲ.

ಪೂವಮ್ಮ (ಗೋಣಿಕೊಪ್ಪ): ಬೋಪಣ್ಣ, ನೀನು ಅಕ್ಕಿ ಕೊಟ್ಟದ್ದು ನಿಜ, ಹಲವರು ಕೊಟ್ಟರು. ಆದರೆ ಆರೋಗ್ಯ ಸಹಾಯಕಿಯಾಗಿ ಕೊರೋನಾದ ಆ ಎರಡು ವರ್ಷ ತೋಟದ ಕೂಲಿಯವರಿರುವ ಲೈನ್ ಮನೆಗಳ ಬಾಗಿಲು ತಟ್ಟುತ್ತಾ ತಿರುಗಿದವಳು ನಾನು. ಒಂದೇ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ಊರಿನಿಂದ ಜೊತೆಗೆ ಬಂದ ತಮ್ಮ, ಎಲ್ಲರಿಗೂ ಹೊರಗಿನ ಒಂದೇ ನಲ್ಲಿ. ಅಲ್ಲಿ ಜ್ವರ ಬಂದವನನ್ನು ಬೇರೆ ಇರಿಸಿ ಎಂದು ಹೇಳುವಾಗ, ಹೇಳುವ ನನಗೇ ಅದು ಆಗದ ಮಾತೆಂದು ತಿಳಿದಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅವರು ಜ್ವರವನ್ನೇ ಮುಚ್ಚಿಡುತ್ತಿದ್ದ ರೀತಿ. ಒಂದು ದಿನ ಮಲಗಿದರೆ ಆ ದಿನದ ಕೂಲಿ ಇಲ್ಲ, ನಾಲ್ಕು ದಿನ ಮಲಗಿದರೆ ಏಜೆಂಟ್ ಆ ಕೋಣೆಗೆ ಬೇರೆಯವರನ್ನು ತಂದು ಸೇರಿಸುತ್ತಾನೆ ಎಂಬ ಭಯದಲ್ಲಿ, ಮೈ ಸುಡುತ್ತಿದ್ದರೂ ಮೆಣಸು ಕೊಯ್ಯಲು ಏಣಿ ಹತ್ತುತ್ತಿದ್ದರು. ತೋಟದಲ್ಲಿ ಕೆಲಸ ಕೊಡುವವರೂ ಸೂರು ಕೊಡುವವರೂ ಒಬ್ಬರೇ ಆಗಿರುವುದರಿಂದ, ಕಾಯಿಲೆ ಬಿದ್ದವನು ಎರಡನ್ನೂ ಒಂದೇ ದಿನ ಕಳೆದುಕೊಳ್ಳುತ್ತಾನೆ. ಕಾಯಿಲೆಯ ದಿನಗಳಿಗೆ ಕೂಲಿಯ ಭರವಸೆ ಇಲ್ಲದ ಕಡೆ ಎಷ್ಟು ಮಾಸ್ಕ್ ಹಂಚಿದರೂ ಸೋಂಕು ನಿಲ್ಲುವುದಿಲ್ಲ. ಕ್ಷಯವೂ ಹೀಗೆಯೇ: ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕಾದವನು ಕೆಲಸ ಹೋಯಿತೆಂದು ಮತ್ತೊಂದು ತೋಟಕ್ಕೆ ಹೋದರೆ ಚಿಕಿತ್ಸೆ ಅಲ್ಲಿಗೆ ನಿಂತುಹೋಗುತ್ತದೆ.

ಇನ್ನು ದಾಖಲೆಯ ವಿಷಯ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವೇ ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಹಾಕಲು ಪ್ರತ್ಯೇಕ ಕ್ರಮವನ್ನು ಗೊತ್ತುಮಾಡಿತು. ಪೌರತ್ವ ಪರಿಶೀಲಿಸುವುದು ಸರ್ಕಾರದ ಕೆಲಸ. ಅದು ಮುಗಿಯುವವರೆಗೆ ಜ್ವರದವನಿಗೆ ಮಾತ್ರೆ ಕೊಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ.

ಸುಬ್ರಮಣಿ (ಮಡಿಕೇರಿ): ಪೂವಮ್ಮ ಅಕ್ಕ ಹೇಳಿದ್ದಕ್ಕೆ ಕಾನೂನಿನ ಆಧಾರವಿದೆ. ಸಂವಿಧಾನದ 21ನೇ ವಿಧಿ ಜೀವದ ರಕ್ಷಣೆಯನ್ನು ನಾಗರಿಕರಿಗೆ ಮಾತ್ರವಲ್ಲದೆ ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ. 1996ರಲ್ಲಿ ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಸ್ಪಷ್ಟಪಡಿಸಿತು. ಐದು ಹೆಕ್ಟೇರ್ ಮತ್ತು ಹದಿನೈದು ಕೆಲಸಗಾರರ ಮಿತಿ ದಾಟಿದ ತೋಟಗಳು ವಸತಿ, ವೈದ್ಯಕೀಯ ಸೌಲಭ್ಯ, ಕಾಯಿಲೆ ಭತ್ಯೆ ಇವೆಲ್ಲವನ್ನೂ ಒದಗಿಸಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಹೊರರಾಜ್ಯದಿಂದ ಗುತ್ತಿಗೆದಾರ ಕರೆತಂದವರಿಗೆ ಪ್ರಯಾಣ ಭತ್ಯೆ, ಉಚಿತ ಚಿಕಿತ್ಸೆ, ಭಾವಚಿತ್ರವಿರುವ ಪಾಸ್‌ಬುಕ್ ಕೊಡಬೇಕೆಂದು 1979ರ ಕಾಯ್ದೆ ಹೇಳಿತ್ತು. ಈ ಎರಡೂ ಕಾಯ್ದೆಗಳು ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಕುರಿತ 2020ರ ಕಾರ್ಮಿಕ ಸಂಹಿತೆಯಲ್ಲಿ ವಿಲೀನವಾಗಿ, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ತಾನಾಗಿಯೇ ಬಂದ ವಲಸಿಗನನ್ನೂ ಅದು ಒಳಗೊಳ್ಳುತ್ತದೆ, ಅದು ಒಳ್ಳೆಯದು. ಆದರೆ ಮೊದಲು ಐದು ಮಂದಿ ಹೊರರಾಜ್ಯದವರಿದ್ದರೆ ಸಾಕಾಗುತ್ತಿದ್ದ ರಕ್ಷಣೆಗೆ ಈಗ ಹತ್ತು ಮಂದಿ ಇರಬೇಕು. ನಮ್ಮ ಜಿಲ್ಲೆಯ ಸಣ್ಣ ತೋಟಗಳನ್ನು ನೋಡಿದರೆ ಇದು ದೊಡ್ಡ ನಷ್ಟ ಎಂಬುದು ನನ್ನ ಅಭಿಪ್ರಾಯ.

ಬೋಪಣ್ಣ: ಸುಬ್ರಮಣಿ, ನನ್ನದು ಹತ್ತು ಎಕರೆ, ಅಂದರೆ ಸುಮಾರು ನಾಲ್ಕು ಹೆಕ್ಟೇರ್. ಹಾಗಾದರೆ ಐದು ಹೆಕ್ಟೇರಿನ ಆ ನಿಯಮ ನನಗೆ ಅನ್ವಯಿಸುವುದಿಲ್ಲವಲ್ಲ. ದೊಡ್ಡ ಎಸ್ಟೇಟುಗಳಿಗೆ ಆಸ್ಪತ್ರೆ ಇದೆ, ಕಂಪನಿಯ ಹಣವಿದೆ. ಮಳೆ ತಪ್ಪಿದರೆ ಸಾಲ ಮಾಡಿ ಸ್ಪ್ರಿಂಕ್ಲರ್ ಹಾಕುವ ನಾನು ಕೆಲಸ ಮಾಡದ ದಿನಕ್ಕೆ ಎಲ್ಲಿಂದ ಕೂಲಿ ತರಲಿ?

ಪೂವಮ್ಮ: ನಿನ್ನ ಕಷ್ಟ ಸುಳ್ಳಲ್ಲ, ಅದಕ್ಕೇ ಸಣ್ಣ ಬೆಳೆಗಾರರ ಕಡೆಯಿಂದ ಈ ಖರ್ಚನ್ನು ಸರ್ಕಾರ ಹಂಚಿಕೊಳ್ಳಲಿ ಎಂಬ ಬೇಡಿಕೆ ಬರಬೇಕು. ಕಾವೇರಿ ಹೇಳಿದ ಆ ಕಾಯ್ದೆಯಲ್ಲಿಯೂ ರಜೆಯ ಸಂಬಳವನ್ನು ಮಾಲೀಕರಿಗೆ ತೆರಿಗೆಯಲ್ಲಿ ಹಿಂದಿರುಗಿಸಿದ್ದರು. ಇಲ್ಲಿ ಆದದ್ದೇನು? 2020ರ ಮಾರ್ಚ್ 29ರಂದು ಕೂಲಿ ಕಡಿತ ಮಾಡದೆ ಕೊಡಿ ಎಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತು, ಮೇ 18ರಿಂದ ಅದನ್ನು ಹಿಂತೆಗೆದುಕೊಂಡಿತು. ಅದು ಜಾರಿಯಲ್ಲಿದ್ದಾಗಲೂ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನು ಯಾವ ಆಧಾರದ ಮೇಲೆ ಕೂಲಿ ಕೇಳಬೇಕಿತ್ತು? ತೋಟದ ಲೆಕ್ಕ ಬರೆಯುವ ರೈಟರ್, ಏಜೆಂಟನ ಹೆಸರಿನ ಮುಂದೆ ಇಪ್ಪತ್ತು ಆಳು ಎಂದು ಬರೆದುಕೊಂಡರೆ, ಆ ಇಪ್ಪತ್ತು ಮಂದಿ ಯಾರೆಂದು ಮಾಲೀಕರಿಗೂ ತಿಳಿಯುವುದಿಲ್ಲ, ನಮ್ಮ ಇಲಾಖೆಗೂ ತಿಳಿಯುವುದಿಲ್ಲ. ದಾಖಲೆ ಬೇಕೆನ್ನುವ ನೀನೇ ಆ ಹೆಸರುಗಳನ್ನು ಬರೆಸಬಹುದು.

ಊರಿಗೆ ಹೋಗುವ ಹಕ್ಕನ್ನೂ ಮರೆಯಬಾರದು. 2020ರ ಮೇ ಮೊದಲ ವಾರದಲ್ಲಿ ನಮ್ಮ ರಾಜ್ಯ ಸರ್ಕಾರ ಬಿಲ್ಡರುಗಳೊಂದಿಗೆ ಸಭೆ ನಡೆಸಿದ ಬೆನ್ನಲ್ಲೇ ಕಾರ್ಮಿಕರ ವಿಶೇಷ ರೈಲುಗಳನ್ನು ರದ್ದುಮಾಡಿತು, ವಿರೋಧ ಬಂದ ಮೇಲೆ ಮತ್ತೆ ಬಿಟ್ಟಿತು. ಕೆಲಸಕ್ಕೆ ಬೇಕೆಂದು ಮನುಷ್ಯರನ್ನು ಹಿಡಿದಿಟ್ಟುಕೊಳ್ಳುವುದು ತಪ್ಪು, ಅದನ್ನು ಮಾಡುವವರು ಸರ್ಕಾರವಾಗಲಿ, ಮುಂಗಡ ತೀರಲಿಲ್ಲವೆಂದು ಆಧಾರ್ ಕಾರ್ಡ್ ಇಟ್ಟುಕೊಳ್ಳುವ ಏಜೆಂಟನಾಗಲಿ.

ಬೋಪಣ್ಣ: ಹೆಸರು ಬರೆಸಿದರೆ ಏಜೆಂಟ್ ಜನ ಕರೆತರುವುದನ್ನೇ ನಿಲ್ಲಿಸುತ್ತಾನೆ. ಆಗ ಕೊಯ್ಲು ಯಾರು ಮಾಡುತ್ತಾರೆ ಎಂದು ನೀವಿಬ್ಬರೂ ಹೇಳಿ.

ಸುಬ್ರಮಣಿ: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕಾನೂನಿನ ಪ್ರಕಾರ ಮೂಲ ಮಾಲೀಕರೇ ಕೊಡಬೇಕು. ನಿನ್ನದು ಸಣ್ಣ ತೋಟವಾದರೂ ನೇರವಾಗಿ ಬಟವಾಡೆ ಮಾಡಿ ಸಹಿ ಹಾಕಿಸಿಕೊಂಡರೆ ನಾಳೆ ತಕರಾರು ಬಂದಾಗ ಅದು ನಿನ್ನನ್ನೂ ಕಾಯುತ್ತದೆ.

ಪೂವಮ್ಮ: ಈ ಹಂಗಾಮಿಗೆ ನಾನು ಕೇಳುವುದಿಷ್ಟೇ. ಹೆಸರು, ಊರು, ಮನೆಯವರ ಫೋನ್ ನಂಬರ್ ಪುಸ್ತಕದಲ್ಲಿರಲಿ; ವೈದ್ಯರ ಚೀಟಿ ತಂದವನಿಗೆ ಒಂದು ವಾರದವರೆಗೆ ಅರ್ಧ ಕೂಲಿ ಸಿಗಲಿ; ಆ ವಾರ ಅವನ ಕೋಣೆಗೆ ಬೇರೆಯವರನ್ನು ಸೇರಿಸಬಾರದು.

ಬೋಪಣ್ಣ: ಕೋಣೆಯ ಮಾತಿಗೆ ಒಪ್ಪಿದೆ, ಹೆಸರನ್ನೂ ಬರೆಸುತ್ತೇನೆ. ಅರ್ಧ ಕೂಲಿಯನ್ನು ಮೂರು ದಿನಕ್ಕಿಂತ ಹೆಚ್ಚು ಕೊಡಲು ನನ್ನಿಂದಾಗದು, ಪೂವಮ್ಮ ಅಕ್ಕ.

ಪೂವಮ್ಮ: ಮೂರು ದಿನದಲ್ಲಿ ಡೆಂಗ್ಯೂ ಜ್ವರವೂ ಇಳಿಯುವುದಿಲ್ಲ. ಉಳಿದ ನಾಲ್ಕು ದಿನದ ಹಣಕ್ಕಾಗಿ ಬೆಳೆಗಾರರೆಲ್ಲ ಸೇರಿ ಒಂದು ನಿಧಿ ಮಾಡುವ ವಿಷಯವನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ನೀನೇ ಎತ್ತು. ನಾನೂ ಬರುತ್ತೇನೆ.